ಈಥರ್ನೆಟ್ ಚಿಪ್ಪು ಸುದ್ದಿಯನ್ನು ತಂತಿಗೆ ಹಾಕುವ ಬಗೆ

ವಾಚನಾಲಯದ ಮೇಜಿನ ಮೇಲೆ ಈ ತಿಂಗಳು ಒಂದು ಹಸಿರು ಹಲಗೆಯನ್ನು ಇಟ್ಟಿದ್ದೇವೆ. ಅಂಗೈಯಷ್ಟು ಅಗಲದ್ದು. ಒಂದು ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳು, ಇನ್ನೊಂದು ಬದಿಗೆ ತಂತಿ ಸಿಕ್ಕಿಸುವ ಚೌಕ ಬಾಯಿ, ನಡುವೆ ಅಂಚೆ ಚೀಟಿಯಷ್ಟು ದೊಡ್ಡ ಕರಿಯ ಚಿಪ್ಪು. ಚಿಪ್ಪಿನ ಮೇಲೆ ಒಂದು ಏಡಿಯ ಚಿತ್ರವಿದೆ. ಪತ್ರಿಕೆ ಓದಲು ಬಂದ ಅನೇಕರು ಓದುವುದನ್ನು ಬಿಟ್ಟು, "ಇದೇನಿದು ಏಡಿ?" ಎಂದು ಕೇಳಿದರು. ಏಡಿಯು ತೈವಾನ್ ದ್ವೀಪದ ರಿಯಲ್‌ಟೆಕ್ ಕಂಪನಿಯ ಗುರುತು. 1987ರಲ್ಲಿ ಆರಂಭವಾದ ಕಂಪನಿ ಅದು. ಚಿಪ್ಪಿನ ಹೆಸರು ಆರ್‌ಟಿಎಲ್ 8139. ಅಗ್ಗದ ಕಂಪ್ಯೂಟರುಗಳಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಇದೇ ಇರುತ್ತಿತ್ತು. ಈಗ ಹೊಸ ಯಂತ್ರಗಳಲ್ಲಿ ಇದರ ಜಾಗಕ್ಕೆ ಇದೇ ಮನೆತನದ ವೇಗದ ಚಿಪ್ಪುಗಳು ಬಂದಿವೆ. ಆದರೆ ಕಲಿಯುವವರಿಗೆ ಹಳೆಯದೇ ಮೇಲು. ಅದರಲ್ಲಿ ಕೀಲುಗಳು ಕಡಿಮೆ, ಎಲ್ಲವನ್ನೂ ಬೆರಳಿಟ್ಟು ತೋರಿಸಬಹುದು.

ನಮ್ಮಲ್ಲಿಗೆ ಬರುವ ಹುಡುಗರಲ್ಲಿ ಕೆಲವರು ರಾತ್ರಿ ವರ್ಗಗಳಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಕಲಿಯುತ್ತಿದ್ದಾರೆ. ಉಳಿದ ನಾವೆಲ್ಲ ಕಚೇರಿಯಲ್ಲಿ ದಿನಕ್ಕೆ ನೂರು ಸಲ ಗುಂಡಿ ಒತ್ತಿ "ಹೋಯಿತು" ಎನ್ನುವವರು. ಹೋಯಿತು ಎಂದರೆ ಎಲ್ಲಿಯವರೆಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ತಿಳಿಯದೆ ನಾವೇ ಒಮ್ಮೆ ಒಂಬತ್ತು ಜನರ ಕೂಲಿಯನ್ನು ತಡೆದು ಕೂತದ್ದುಂಟು. ಆ ಕಥೆ ಕೊನೆಗೆ ಬರುತ್ತದೆ. ಮೊದಲು ಪಾಠ.

ಯಾವುದೇ ದೊಡ್ಡ ಕಚೇರಿಯಲ್ಲಿ ಪತ್ರ ಬರೆಯುವವನು ಒಬ್ಬ, ಲಕೋಟೆಗೆ ಹಾಕಿ ವಿಳಾಸ ಬರೆಯುವವನು ಒಬ್ಬ, ಜಾವಕ ಪುಸ್ತಕದಲ್ಲಿ ಏರಿಸಿ ಸಿಪಾಯಿಗೆ ಕೊಡುವವನು ಇನ್ನೊಬ್ಬ. ಕಂಪ್ಯೂಟರಿನಲ್ಲಿಯೂ ಹೀಗೆಯೇ. ನಾವು ಬಳಸುವ ಪ್ರೋಗ್ರಾಮು ಪತ್ರ ಬರೆಯುತ್ತದೆ. ಯಂತ್ರದ ಮುಖ್ಯ ವ್ಯವಸ್ಥೆ, ಅಂದರೆ ವಿಂಡೋಸ್ ಅಥವಾ ಲಿನಕ್ಸ್, ಅದನ್ನು ತುಂಡು ಮಾಡಿ ಲಕೋಟೆಗೆ ಹಾಕುತ್ತದೆ. ಆಮೇಲೆ ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಮು ಆ ಲಕೋಟೆಯನ್ನು ಚಿಪ್ಪಿಗೆ ಒಪ್ಪಿಸುತ್ತದೆ. ಡ್ರೈವರನ್ನು ಜಾವಕ ಕಾರಕೂನನೆಂದು ತಿಳಿಯಿರಿ, ಚಿಪ್ಪನ್ನು ಸಿಪಾಯಿ ಎಂದು ತಿಳಿಯಿರಿ. ಸಿಪಾಯಿಗೆ ಓದು ಬಾರದು. ಲಕೋಟೆಯೊಳಗೆ ಮದುವೆಯ ಕರೆಯೋಲೆ ಇದ್ದರೂ ಒಂದೇ, ವಜಾ ನೋಟೀಸು ಇದ್ದರೂ ಒಂದೇ. ಅವನಿಗೆ ಬೇಕಾದದ್ದು ಎರಡೇ: ಲಕೋಟೆ ಎಲ್ಲಿದೆ, ಎಷ್ಟು ಉದ್ದವಿದೆ.

ಈಥರ್ನೆಟ್ಟಿನ ಲಕೋಟೆಗೆ ಫ್ರೇಮ್ ಎನ್ನುತ್ತಾರೆ. ಅದರ ಅಳತೆಗಳು ಗೊತ್ತುಮಾಡಿದವು. ಮೊದಲ 6 ಬೈಟು ಮುಟ್ಟಬೇಕಾದವರ ವಿಳಾಸ, ಮುಂದಿನ 6 ಬೈಟು ಕಳಿಸಿದವರ ವಿಳಾಸ, ಅನಂತರ 2 ಬೈಟಿನಲ್ಲಿ ಒಳಗಿರುವುದು ಯಾವ ಜಾತಿಯ ಸುದ್ದಿ ಎಂಬ ಸೂಚನೆ. ಇಷ್ಟಾದ ಮೇಲೆ ಸುದ್ದಿ: 46 ಬೈಟಿಗೆ ಕಡಿಮೆಯಿಲ್ಲದಂತೆ, 1500 ಬೈಟಿಗೆ ಮೀರದಂತೆ. ಕಟ್ಟಕಡೆಗೆ 4 ಬೈಟಿನ ತಾಳೆಯ ಅಂಕಿ. ಒಟ್ಟು ಕೂಡಿದರೆ ಚಿಕ್ಕ ಫ್ರೇಮ್ 64 ಬೈಟು, ದೊಡ್ಡದು 1518 ಬೈಟು. (ಒಂದು ಬೈಟೆಂದರೆ ಎಂಟು ಬಿಟ್ಟುಗಳು, ಬಿಟ್ಟೆಂದರೆ ಸೊನ್ನೆ ಅಥವಾ ಒಂದು. ಇಷ್ಟು ಗೊತ್ತಿದ್ದರೆ ಈ ಪಾಠಕ್ಕೆ ಸಾಕು.)

ಇನ್ನು ಡ್ರೈವರಿನ ಕೆಲಸವನ್ನು ನೋಡೋಣ. ಏಡಿ ಚಿಪ್ಪಿಗೆ ಎರಡು ಹಟಗಳಿವೆ. ಫ್ರೇಮ್ ಮೆಮೊರಿಯಲ್ಲಿ ಒಂದೇ ಕಡೆ, ಎಡೆಬಿಡದೆ ಇರಬೇಕು. ಮತ್ತು ಅದು ಆರಂಭವಾಗುವ ಸ್ಥಳದ ಸಂಖ್ಯೆ 4ರಿಂದ ಭಾಗವಾಗಬೇಕು. ಮುಖ್ಯ ವ್ಯವಸ್ಥೆಯು ಹಾಗೆ ಇಡುವುದಿಲ್ಲ. ತಲೆಬರಹ ಒಂದು ಕಡೆ, ಒಡಲು ಇನ್ನೊಂದು ಕಡೆ ಇರುವುದುಂಟು. ಆದಕಾರಣ ಡ್ರೈವರ್ ಪ್ರತಿ ಫ್ರೇಮನ್ನೂ ಬೇರೊಂದು ಸ್ಥಳಕ್ಕೆ ನಕಲು ಮಾಡಿಯೇ ಕೊಡಬೇಕು. ಫ್ರೀ ಬಿಎಸ್‌ಡಿ ಎಂಬ ವ್ಯವಸ್ಥೆಗೆ ಈ ಚಿಪ್ಪಿನ ಡ್ರೈವರ್ ಬರೆದವರು ಈ ಕಾಟಕ್ಕೆ ಬೇಸತ್ತು ಡ್ರೈವರಿನ ಮೂಲ ಬರಹದ ನಡುವೆಯೇ ಚಿಪ್ಪನ್ನು ಕಟುವಾಗಿ ಬೈದಿಟ್ಟಿದ್ದಾರೆ. ಒಂದೇ ಹಾಳೆಯನ್ನು ಮತ್ತೆ ಮತ್ತೆ ನಕಲು ತೆಗೆದ ಕಾರಕೂನರಿಗೆ ಅವರ ಸಿಟ್ಟು ಅರ್ಥವಾದೀತು. ದುಬಾರಿ ಚಿಪ್ಪುಗಳು ತುಂಡುತುಂಡಾಗಿ ಬಿದ್ದಿರುವ ಫ್ರೇಮನ್ನೂ ತಾವೇ ಕೂಡಿಸಿಕೊಳ್ಳುತ್ತವೆ. ಅಗ್ಗದ್ದಕ್ಕೆ ಆ ಸೌಖ್ಯವಿಲ್ಲ. ಚಿಪ್ಪಿನಲ್ಲಿ ಉಳಿಸಿದ ದುಡ್ಡಿಗೆ ಪ್ರತಿಯಾಗಿ ಯಂತ್ರದ ಪ್ರೊಸೆಸರು ದುಡಿಯಬೇಕು.

ನಕಲು ಮಾಡುವಾಗಲೇ ಇನ್ನೊಂದು ಕೆಲಸವಾಗಬೇಕು. ಸುದ್ದಿ ಬಹಳ ಚಿಕ್ಕದಾಗಿದ್ದರೆ ಕನಿಷ್ಠ ಅಳತೆಗೆ ತುಂಬಿಸಬೇಕು. ಈ ಚಿಪ್ಪು ಅದನ್ನು ತಾನಾಗಿ ಮಾಡದು. ಡ್ರೈವರ್ ಬರೆದವರು ಜಾಗ್ರತೆಯುಳ್ಳವರಾದರೆ ಖಾಲಿ ಜಾಗಕ್ಕೆ ಸೊನ್ನೆಗಳನ್ನು ತುಂಬುತ್ತಾರೆ. ಇಲ್ಲವಾದರೆ ಅಲ್ಲಿ ಹಿಂದೆ ಬಿದ್ದಿದ್ದ ಯಾವುದೋ ಹಳೆಯ ಸುದ್ದಿಯ ಚೂರು ಹಾಗೆಯೇ ಹೊರಗೆ ಹೋಗುತ್ತದೆ. ಲಕೋಟೆ ತೆಳ್ಳಗಾಯಿತೆಂದು ರದ್ದಿಯಲ್ಲಿದ್ದ ಯಾರದೋ ಪಗಾರ ಪತ್ರಕವನ್ನು ಮಡಿಚಿ ಸೇರಿಸಿದಂತೆ. ಇದು ಬರಿಯ ಊಹೆಯಲ್ಲ. 2003ರ ಜನವರಿಯಲ್ಲಿ ಹಲವಾರು ಡ್ರೈವರುಗಳಲ್ಲಿ ಇದೇ ದೋಷವಿದೆಯೆಂದು ಬಯಲಾಯಿತು. ಅದಕ್ಕೆ ಈಥರ್‌ಲೀಕ್ ಎಂದು ಹೆಸರಾಯಿತು. ಅಂತಹ ಯಂತ್ರಕ್ಕೆ ಪುಟ್ಟ ಪ್ರಶ್ನೆಯೊಂದನ್ನು ಕಳಿಸಿ ಅದರ ಉತ್ತರದ ಬಾಲವನ್ನು ಓದಿದರೆ, ಆ ಯಂತ್ರದ ಮೆಮೊರಿಯ ಚೂರುಗಳು ಕೈಗೆ ಸಿಗುತ್ತಿದ್ದವು.

ನಕಲಾಯಿತು, ತುಂಬಿಸಿದ್ದಾಯಿತು. ಈಗ ಒಪ್ಪಿಸುವುದು. ಪಾಠದ ತಿರುಳು ಇಲ್ಲಿದೆ. ವಾಚಕರು ತುಸು ನಿಧಾನವಾಗಿ ಓದಬೇಕು.

ಚಿಪ್ಪಿನಲ್ಲಿ ಕಳಿಸುವ ಕೆಲಸಕ್ಕಾಗಿ ನಾಲ್ಕು ಗೂಡುಗಳಿವೆ. ಸೊನ್ನೆಯಿಂದ ಮೂರರವರೆಗೆ ಅವುಗಳ ಸಂಖ್ಯೆ. ಡ್ರೈವರ್ ಅವನ್ನು ಸರದಿಯಂತೆಯೇ ಬಳಸಬೇಕು: ಸೊನ್ನೆ, ಒಂದು, ಎರಡು, ಮೂರು, ಮತ್ತೆ ಸೊನ್ನೆ. ನಡುವೆ ಹಾರುವಂತಿಲ್ಲ. ಪ್ರತಿ ಗೂಡಿಗೆ ಎರಡು ರಿಜಿಸ್ಟರುಗಳಿವೆ. ನಮ್ಮ ಕಚೇರಿಯ ರಿಜಿಸ್ಟರಿಗೆ ನೂರು ಹಾಳೆ. ಚಿಪ್ಪಿನ ರಿಜಿಸ್ಟರಿಗೆ ಒಂದೇ ಸಾಲು, ಅದರಲ್ಲಿ 32 ಬಿಟ್ಟುಗಳು. ಮೊದಲನೆಯದರಲ್ಲಿ ಫ್ರೇಮ್ ಮೆಮೊರಿಯ ಯಾವ ಸ್ಥಳದಲ್ಲಿದೆ ಎಂಬುದನ್ನು ಬರೆಯಬೇಕು. ಎರಡನೆಯದರ ಕೆಳಗಿನ 13 ಬಿಟ್ಟುಗಳಲ್ಲಿ ಅದರ ಉದ್ದವನ್ನು ಬರೆಯಬೇಕು. ಆ ಉದ್ದದ ಪಕ್ಕದಲ್ಲಿಯೇ, ಸೊನ್ನೆಯಿಂದ ಎಣಿಸಿದರೆ 13ನೆಯ ಸಂಖ್ಯೆಯದಾಗಿ, ಒಂದು ಒಂಟಿ ಬಿಟ್ಟು ಇದೆ. ಅದಕ್ಕೆ ಓನ್ ಎಂದು ಹೆಸರು. ಒಡೆತನ ಎಂದರ್ಥ.

ಈ ಒಂದು ಬಿಟ್ಟು ಹೇಳುವುದು ಇಷ್ಟೇ: ಈ ಘಳಿಗೆಯಲ್ಲಿ ಈ ಗೂಡಿಗೆ ಹೊಣೆಗಾರರು ಯಾರು? ಅಲ್ಲಿ ಒಂದು ಇದ್ದರೆ ಗೂಡು ಡ್ರೈವರಿನದು. ಸೊನ್ನೆ ಇದ್ದರೆ ಚಿಪ್ಪಿನದು. ಡ್ರೈವರ್ ಉದ್ದವನ್ನು ಬರೆಯುವಾಗಲೇ ಅಲ್ಲಿ ಸೊನ್ನೆಯನ್ನೂ ಬರೆಯುತ್ತದೆ. ಆ ಬರೆಯುವಿಕೆಯೇ ಗಂಟೆ ಬಾರಿಸಿದ ಹಾಗೆ. ಬೇರೆ ಹೇಳಿಕೆ ಬೇಕಿಲ್ಲ, ಚಿಪ್ಪು ಎದ್ದು ಹೊರಡುತ್ತದೆ. ಆದುದರಿಂದ ಸ್ಥಳವನ್ನು ಮೊದಲು ಬರೆದು ಉದ್ದವನ್ನು ಆಮೇಲೆ ಬರೆಯುವುದು ಕಡ್ಡಾಯ. ಹಿಂದುಮುಂದಾದರೆ ಚಿಪ್ಪು ಹಳೆಯ ವಿಳಾಸಕ್ಕೆ ಹೋಗಿ ಅಲ್ಲಿದ್ದುದನ್ನು ಎತ್ತಿಕೊಂಡು ಹೊರಟುಬಿಡುತ್ತದೆ. ಸೊನ್ನೆ ಇರುವಷ್ಟು ಹೊತ್ತು ಡ್ರೈವರ್ ಆ ಫ್ರೇಮನ್ನು ಮುಟ್ಟಬಾರದು. ಒಂದಕ್ಷರ ತಿದ್ದುವಂತಿಲ್ಲ. ತಿದ್ದಿದರೆ ಅರ್ಧ ಹಳೆಯದು ಅರ್ಧ ಹೊಸದು ಹೋಗುತ್ತದೆ, ಮತ್ತು ಅದನ್ನು ಫ್ರೇಮಿನ ತಾಳೆಯ ಅಂಕಿ ಹಿಡಿಯಲಾರದು. ಸಿಪಾಯಿಯ ಚೀಲಕ್ಕೆ ಬಿದ್ದ ಮೇಲೆ ಲಕೋಟೆ ಒಡೆದು ಅಂಕಿ ತಿದ್ದುವುದು ಎಂಥ ಅಪರಾಧವೆಂದು ಜಾವಕದಲ್ಲಿ ಕೂತವರಿಗೆ ಹೇಳಬೇಕೆ?

ದುರಸ್ತಿ ಕಲಿಯುವ ಹುಡುಗರಿಗೆ ಇಲ್ಲೊಂದು ಎಚ್ಚರಿಕೆ. ಸೊನ್ನೆ ಎಂದರೆ ಚಿಪ್ಪಿನ ಒಡೆತನ ಎಂಬುದು ಈ ಚಿಪ್ಪಿನ ರೂಢಿ ಮಾತ್ರ. ಇದೇ ಕಂಪನಿಯ ಗಿಗಾಬಿಟ್ ಚಿಪ್ಪುಗಳಲ್ಲಿ, ಇದಕ್ಕೂ ಹಳೆಯದಾದ ಎಎಂಡಿ ಕಂಪನಿಯ ಲ್ಯಾನ್ಸ್ ಚಿಪ್ಪಿನಲ್ಲಿ, ಒಂದು ಎಂದರೆ ಚಿಪ್ಪಿನದು. ಒಂದನ್ನು ಕಲಿತು ಇನ್ನೊಂದಕ್ಕೆ ಕೈಹಾಕುವ ಮೊದಲು ಆ ಚಿಪ್ಪಿನ ಕೈಪಿಡಿ ನೋಡತಕ್ಕದ್ದು.

ಒಡೆತನ ಸಿಕ್ಕ ಚಿಪ್ಪು ಮೊದಲು ಮಾಡುವುದು ಫ್ರೇಮನ್ನು ಮೆಮೊರಿಯಿಂದ ತನ್ನ ಹೊಟ್ಟೆಗೆ ಸೇದಿಕೊಳ್ಳುವುದು. ಇದಕ್ಕೆ ಪ್ರೊಸೆಸರಿನ ಸಹಾಯ ಬೇಡ. ಯಂತ್ರದೊಳಗಿನ ಪಿಸಿಐ ಎಂಬ ಸಾಮಾನ್ಯ ಹಾದಿಯನ್ನು ಚಿಪ್ಪು ಕೇಳಿ ಪಡೆದು ತಾನೇ ಓದಿಕೊಳ್ಳುತ್ತದೆ. ಈ ಏರ್ಪಾಡಿಗೆ ಡಿಎಂಎ ಎನ್ನುತ್ತಾರೆ. ಆ ಹಾದಿ ಎಲ್ಲರದು. ಡಿಸ್ಕು, ಧ್ವನಿ, ಚಿತ್ರ ಎಲ್ಲವೂ ಅಲ್ಲಿಯೇ ಓಡಾಡುತ್ತವೆ. ಹಾದಿ ಪೂರ್ತಿ ಬಿಡುವಾಗಿದ್ದರೆ ಒಂದು ಮೈಕ್ರೊಸೆಕೆಂಡಿಗೆ, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗೆ, ಸುಮಾರು 132 ಬೈಟು ಸಾಗಬಲ್ಲದು. ಹೊರಗಿನ ತಂತಿಗೆ ಬೇಕಾಗುವುದು ಅದೇ ಅವಧಿಗೆ 12.5 ಬೈಟು ಮಾತ್ರ, ಏಕೆಂದರೆ ತಂತಿಯ ವೇಗ ಸೆಕೆಂಡಿಗೆ 10 ಕೋಟಿ ಬಿಟ್ಟುಗಳು. ಹಾಗಾದರೆ ಚಿಂತೆ ಏಕೆ ಎಂದು ಕೇಳಬಹುದು. ಹಾದಿ ವೇಗದ್ದು ನಿಜ, ಆದರೆ ಸರದಿ ಬರುವ ಹೊತ್ತು ಗೊತ್ತಿಲ್ಲ. ತಂತಿಯೋ ನಿಧಾನದ್ದು, ಆದರೆ ಒಮ್ಮೆ ಹೊರಟರೆ ನಡುವೆ ನಿಲ್ಲಲಾರದು.

ಮಗ್ಗ ಕಂಡವರಿಗೆ ಇದು ಕ್ಷಣದಲ್ಲಿ ತಿಳಿಯುತ್ತದೆ. ಲಾಳಿ ಅಡ್ಡ ಹಾಯುವಾಗ ಅದರೊಳಗಿನ ಕಂಡಿಕೆಯಲ್ಲಿ ನೂಲು ಇರಲೇಬೇಕು. ಉಗ್ರಾಣದಲ್ಲಿ ಗಾಡಿಗಟ್ಟಲೆ ನೂಲಿದ್ದರೂ ಕಂಡಿಕೆ ನಡುವಿನಲ್ಲಿ ಮುಗಿದರೆ ಬಟ್ಟೆಯಲ್ಲಿ ಹೊಕ್ಕು ತಪ್ಪುತ್ತದೆ. ಚಿಪ್ಪಿನ ಕಂಡಿಕೆಗೆ ಫಿಫೋ ಎಂದು ಹೆಸರು. ಮೊದಲು ಬಂದದ್ದು ಮೊದಲು ಹೊರಡುವ ಸಾಲು ಅದು. ಕಳಿಸುವ ಬದಿಗೆ 2 ಕಿಲೋಬೈಟಿನಷ್ಟು ಜಾಗವಿದೆ. ಫ್ರೇಮ್ ಇಡಿಯಾಗಿ ಒಳಗೆ ಬಂದ ಮೇಲೆಯೇ ಹೊರಡುವುದಾದರೆ ಅಪಾಯವಿಲ್ಲ, ಆದರೆ ಹೊತ್ತು ಹೋಗುತ್ತದೆ. ಆದುದರಿಂದ ಎಷ್ಟು ತುಂಬಿದ ಮೇಲೆ ಹೊರಡಬಹುದೆಂಬುದನ್ನು ಡ್ರೈವರ್ ಹೇಳಬಹುದು. ಅದೇ ಎರಡನೆಯ ರಿಜಿಸ್ಟರಿನಲ್ಲಿ ಇದಕ್ಕೆಂದು 6 ಬಿಟ್ಟುಗಳಿದ್ದು, 32 ಬೈಟನ್ನು ಒಂದು ಅಳತೆಯಾಗಿ ಎಣಿಸಲಾಗುತ್ತದೆ. ಅಲ್ಲಿ 8 ಎಂದು ಬರೆದರೆ 256 ಬೈಟು ಸೇರಿದೊಡನೆ ಮುಂದಿನ ತುದಿ ತಂತಿಗೆ ಹೊರಡುತ್ತದೆ, ಹಿಂದಿನದು ಇನ್ನೂ ಒಳಗೆ ಬರುತ್ತಿರುತ್ತದೆ. ಆ 256 ಬೈಟು ತಂತಿಯ ಮೇಲೆ 20.48 ಮೈಕ್ರೊಸೆಕೆಂಡಿನಲ್ಲಿ ಕರಗುತ್ತದೆ. ಅಷ್ಟರೊಳಗೆ ಪಿಸಿಐ ಹಾದಿಯಲ್ಲಿ ಸರದಿ ಸಿಗದಿದ್ದರೆ ಕಂಡಿಕೆ ಬರಿದಾಗುತ್ತದೆ. ಫ್ರೇಮ್ ನಡುವೆ ಮುರಿಯುತ್ತದೆ. ಚಿಪ್ಪು ಇದನ್ನು ಮುಚ್ಚಿಡುವುದಿಲ್ಲ. ಟಿಯುಎನ್ ಎಂಬ 14ನೆಯ ಬಿಟ್ಟನ್ನು ಎತ್ತಿ ತೋರಿಸುತ್ತದೆ. ಹೀಗೆ ಮೇಲಿಂದ ಮೇಲೆ ಆದರೆ ಹೊರಡುವ ಮೊದಲು ಹೆಚ್ಚು ತುಂಬಿಸಿಕೊಳ್ಳುವಂತೆ ಅಳತೆಯನ್ನು ಏರಿಸಬೇಕು.

ಫ್ರೇಮಿನ ಕೊನೆಯ ಬೈಟು ಫಿಫೋದೊಳಗೆ ಬಂದು ಬಿದ್ದೊಡನೆ ಚಿಪ್ಪು ಓನ್ ಬಿಟ್ಟನ್ನು ಒಂದಕ್ಕೆ ತಿರುಗಿಸುತ್ತದೆ. ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಒಡೆತನ ಹಿಂದಿರುಗಿತು ಎಂದರೆ ಚಿಪ್ಪು ಸುದ್ದಿಯನ್ನು ಓದಿಕೊಂಡಿತು ಎಂದು ಮಾತ್ರ ಅರ್ಥ. ತಂತಿಯ ಮೇಲೆ ಹೋಗಿ ಮುಗಿಯಿತೆಂದಲ್ಲ.

ತಂತಿಯ ಕಡೆಯ ಕೆಲಸ ಇದು. ಫ್ರೇಮಿಗೆ ಮೊದಲು ಚಿಪ್ಪು ತಾನಾಗಿಯೇ 7 ಬೈಟಿನಷ್ಟು ಒಂದು-ಸೊನ್ನೆ-ಒಂದು-ಸೊನ್ನೆ ಎಂಬ ತಾಳವನ್ನು ಹಾಕುತ್ತದೆ. ಭಜನೆಗೆ ಮೊದಲು ತಾಳ ಹಿಡಿಯುವಂತೆ, ಆಚೆ ಕಡೆಯವರು ಲಯಕ್ಕೆ ಹೊಂದಿಕೊಳ್ಳಲಿ ಎಂಬುದು ಉದ್ದೇಶ. ಎಂಟನೆಯ ಬೈಟಿನ ಕೊನೆಗೆ ಎರಡು ಒಂದುಗಳು ಒಟ್ಟಿಗೆ ಬರುತ್ತವೆ. ಇಲ್ಲಿಂದ ಸುದ್ದಿ ಎಂಬ ಸನ್ನೆ ಅದು. ಪ್ರತಿ ಬೈಟಿನಲ್ಲಿ ಕಿರಿಯ ಬಿಟ್ಟು ಮೊದಲು ಹೋಗುತ್ತದೆ. 100 ಮೆಗಾಬಿಟ್ಟಿನ ತಂತಿಯಲ್ಲಿ ನಾಲ್ಕು ನಾಲ್ಕು ಬಿಟ್ಟುಗಳಿಗೆ ಬದಲಾಗಿ ಐದೈದು ಬಿಟ್ಟುಗಳ ಸಂಕೇತ ಹೋಗುತ್ತದೆ. ಬಹಳ ಹೊತ್ತು ಒಂದೇ ತೆರನಾದ ಸದ್ದಿಲ್ಲದ ಸ್ಥಿತಿ ಬಂದು ಆಚೆಯವರು ಲಯ ತಪ್ಪದಿರಲಿ ಎಂದು ಈ ಖರ್ಚು. ಅತಿ ದೊಡ್ಡ ಫ್ರೇಮ್ ತಾಳವೂ ಸೇರಿ 122 ಮೈಕ್ರೊಸೆಕೆಂಡಿನಲ್ಲಿ ಹೊರಬೀಳುತ್ತದೆ. ಆಮೇಲೆ 96 ಬಿಟ್ಟುಗಳಷ್ಟು ಹೊತ್ತು ಮೌನ, ಮತ್ತೆ ಮುಂದಿನದು.

ಬೈಟುಗಳು ಹೊರಗೆ ಹರಿಯುತ್ತಿರುವಾಗಲೇ ಚಿಪ್ಪು ಅವುಗಳ ಮೇಲೆ ಒಂದು ಭಾಗಾಕಾರ ನಡೆಸುತ್ತಿರುತ್ತದೆ. ಕೊನೆಯಲ್ಲಿ ಉಳಿದ ಶೇಷವೇ ಆ 4 ಬೈಟಿನ ತಾಳೆಯ ಅಂಕಿ, ಸಿಆರ್‌ಸಿ. ನಮ್ಮ ಹಿರಿಯ ಗುಮಾಸ್ತರು ಉದ್ದದ ಕೂಡಿಕೆಯನ್ನು ಒಂಬತ್ತು ಕಳೆದು ಪರೀಕ್ಷಿಸುತ್ತಿದ್ದರಲ್ಲ, ಅದರ ದೂರದ ನೆಂಟ. ಮುಟ್ಟಿದವರು ತಾವೂ ಅದೇ ಲೆಕ್ಕ ಮಾಡಿ ನೋಡುತ್ತಾರೆ. ಹೊಂದದಿದ್ದರೆ ಫ್ರೇಮನ್ನು ಸದ್ದಿಲ್ಲದೆ ಬಿಸಾಡುತ್ತಾರೆ. ಸದ್ದಿಲ್ಲದೆ ಎಂಬ ಮಾತನ್ನು ಗಮನಿಸಿರಿ. ಕೆಟ್ಟುಹೋಗಿ ಬಂತೆಂದು ಯಾರೂ ಹಿಂದಕ್ಕೆ ಕಾಗದ ಬರೆಯುವುದಿಲ್ಲ. ಇನ್ನು, ಈ ತಾಳೆ ಕಾಯುವುದು ತಂತಿಯ ಮೇಲಿನ ಪಯಣವನ್ನು ಮಾತ್ರ. ಡ್ರೈವರ್ ತಪ್ಪು ನಕಲು ಮಾಡಿ ಕೊಟ್ಟಿದ್ದರೆ ಚಿಪ್ಪು ಆ ತಪ್ಪಿಗೇ ಒಪ್ಪವಾದ ತಾಳೆ ಹಾಕಿ ಕಳಿಸುತ್ತದೆ.

ಡಿಕ್ಕಿಯ ವಿಷಯ ಸ್ವಲ್ಪದರಲ್ಲಿ ಹೇಳುತ್ತೇವೆ. ಅಮೆರಿಕೆಯ ಪಾಲೊ ಆಲ್ಟೊದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ರಾಬರ್ಟ್ ಮೆಟ್‌ಕಾಫ್ ಎಂಬವರು 1973ರ ಮೇ 22ರಂದು ಬರೆದ ಟಿಪ್ಪಣಿಯಿಂದ ಈಥರ್ನೆಟ್ ಹುಟ್ಟಿತು. ಆಗ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಕೆಡುತ್ತಿದ್ದವು. ಅದಕ್ಕಾಗಿ ಚಿಪ್ಪು ಮೊದಲು ತಂತಿಯ ಮೇಲೆ ಕಿವಿಯಿಟ್ಟು ಕೇಳಬೇಕು, ಮೌನವಿದ್ದರೆ ಹೊರಡಬೇಕು. ಡಿಕ್ಕಿಯಾದರೆ ನಿಲ್ಲಿಸಿ, ಚೀಟಿ ಎತ್ತಿದಂತೆ ಒಂದು ಸಂಖ್ಯೆ ಎತ್ತಿ, ಅಷ್ಟು ಹೊತ್ತು ಕಾದು ಮತ್ತೆ ಯತ್ನಿಸಬೇಕು. ಮತ್ತೆ ಮತ್ತೆ ಡಿಕ್ಕಿಯಾದಷ್ಟೂ ಚೀಟಿಗಳ ಸಂಖ್ಯೆ ಇಮ್ಮಡಿಯಾಗುತ್ತ ಹೋಗುತ್ತದೆ. 16 ಯತ್ನಗಳಾದ ಮೇಲೆ ಕೈಬಿಡಬೇಕೆಂಬುದು 1983ರಲ್ಲಿ ನಿಶ್ಚಯವಾದ ನಿಯಮಾವಳಿಯ ಮಾತು. 64 ಬೈಟಿನ ಕನಿಷ್ಠ ಅಳತೆಯೂ ಇದರಿಂದಲೇ ಬಂದದ್ದು. ಡಿಕ್ಕಿಯ ಸುದ್ದಿ ದೂರದ ತುದಿಯಿಂದ ಹಿಂದಿರುಗುವವರೆಗೆ ಕಳಿಸುವವರು ಇನ್ನೂ ಮಾತಾಡುತ್ತಿರಬೇಕು, ಇಲ್ಲವಾದರೆ ಡಿಕ್ಕಿ ಯಾರದೆಂದು ತಿಳಿಯದು. ಈಗ ಪ್ರತಿ ಯಂತ್ರದಿಂದಲೂ ಸ್ವಿಚ್ಚಿಗೆ ಬೇರೆ ಬೇರೆ ತಂತಿ, ಹೋಗಲು ಒಂದು ಜೋಡಿ, ಬರಲು ಇನ್ನೊಂದು ಜೋಡಿ ಇರುವುದರಿಂದ ಡಿಕ್ಕಿ ಆಗುವುದೇ ಇಲ್ಲವೆನ್ನಬಹುದು. ಕನಿಷ್ಠ ಅಳತೆ ಮಾತ್ರ ಹಳೆಯ ಮನೆಯ ಹೊಸ್ತಿಲಿನಂತೆ ಉಳಿದುಕೊಂಡಿದೆ.

ಎಲ್ಲವೂ ಸರಿಯಾಗಿ ಹೊರಬಿದ್ದರೆ ಚಿಪ್ಪು ಗೂಡಿನ ರಿಜಿಸ್ಟರಿನಲ್ಲಿ 15ನೆಯ ಬಿಟ್ಟನ್ನು ಎತ್ತುತ್ತದೆ. ಅದರ ಹೆಸರು ಟಿಓಕೆ. ಜೊತೆಗೆ ಪ್ರೊಸೆಸರಿನ ಭುಜ ತಟ್ಟುತ್ತದೆ. ಡ್ರೈವರ್ ಎದ್ದು ಬಂದು ಗೂಡುಗಳನ್ನು ಸರದಿಯಂತೆ ನೋಡಿ, ಮುಗಿದವನ್ನು ಲೆಕ್ಕಕ್ಕೆ ಬರೆದುಕೊಂಡು, ಗೂಡು ಖಾಲಿಯೆಂದು ಗುರುತಿಸುತ್ತದೆ. ನಾಲ್ಕೂ ಗೂಡು ತುಂಬಿದ್ದರೆ ಮುಖ್ಯ ವ್ಯವಸ್ಥೆಗೆ "ತಡೆ" ಎನ್ನುತ್ತದೆ. ಚಿಪ್ಪು ಕೆಲವು ಸೆಕೆಂಡು ಕಳೆದರೂ ಯಾವ ವರದಿಯನ್ನೂ ಕೊಡದಿದ್ದರೆ ಅದು ಮಂಕಾಗಿದೆಯೆಂದು ತಿಳಿದು ಪುನಃ ಚಾಲೂ ಮಾಡುತ್ತದೆ. ಗೂಡಿನಲ್ಲಿದ್ದವು ಆಗ ಹೋದವೆಂದೇ ಲೆಕ್ಕ.

ಈಗ ನಮ್ಮ ಕಥೆ.

ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರೊಳಗೆ ಇದ್ದದ್ದು ಮೇಜಿನ ಮೇಲೆ ಇಟ್ಟಿರುವ ಇದೇ ಹಲಗೆ. ಪ್ರತಿ ಮಗ್ಗದ ಹೊಕ್ಕಿನ ಎಣಿಕೆ ಅದಕ್ಕೆ ಬರುತ್ತಿತ್ತು, ಪಾಳಿ ಮುಗಿದ ಕೂಡಲೆ ಅದು ಎಣಿಕೆಯನ್ನು ಕಚೇರಿಗೆ ಕಳಿಸುತ್ತಿತ್ತು. ಆ ಎಣಿಕೆಯ ಮೇಲೆ ಕೂಲಿ. ಕಳಿಸುವ ಪ್ರೋಗ್ರಾಮನ್ನು ಯಾರೋ ಸುಲಭವಾಗಿ ಬರೆದಿದ್ದರು: ಸುದ್ದಿಯನ್ನು "ಎಲ್ಲರಿಗೂ" ಎಂಬ ವಿಳಾಸ ಹಾಕಿ ಒಮ್ಮೆ ಕೂಗಿಬಿಡುವುದು, ಉತ್ತರಕ್ಕೆ ಕಾಯದಿರುವುದು. ಒಂದು ವಾರ ಎರಡು ರಾತ್ರಿ ಪಾಳಿಗಳ ಎಣಿಕೆ ಕಚೇರಿಯ ಪತ್ರಕದಲ್ಲಿ ಬರಲಿಲ್ಲ. ಒಂಬತ್ತು ಜನ ನೇಕಾರರಿಗೆ ಎರಡು ರಾತ್ರಿಯ ಕೂಲಿ ಇಲ್ಲ. ಅವರು ನಮ್ಮ ಮೇಜಿಗೆ ಬಂದರು. ನಾವು ಶೆಡ್ಡಿಗೆ ಹೋಗಿ ಆ ಕಂಪ್ಯೂಟರಿನ ಲೆಕ್ಕ ತೆಗೆದು ನೋಡಿದೆವು. ಕಳಿಸಿದ್ದು ಇಷ್ಟು, ತಪ್ಪಿದ್ದು ಸೊನ್ನೆ. ಹಸಿರು ದೀಪ ಮಿನುಗುತ್ತಿದೆ. ಇಷ್ಟರ ಮೇಲೆ ಇನ್ನೇನು ಬೇಕು? ಯಂತ್ರ ಎಲ್ಲವನ್ನೂ ಕಳಿಸಿದೆ, ಕಚೇರಿಗೆ ಬಂದದ್ದೇ ಎಲ್ಲ, ಆ ಎರಡು ರಾತ್ರಿ ಮಗ್ಗ ನಡೆದಿಲ್ಲ ಎಂದು ಬಾಯಿಂದ ಆಡಿಯೂಬಿಟ್ಟೆವು.

ಅವರಲ್ಲಿ ಹಿರಿಯರೊಬ್ಬರು, ನಾವು ಕಾಕಾ ಎಂದು ಕರೆಯುವವರು, ಸಿಟ್ಟು ಮಾಡಲಿಲ್ಲ. "ಮಗ್ಗ ನಡಿಸಿದವ್ರು ನಾವ್ರಿ. ಈ ಪೆಟಿಗಿ ಕಳಿಸೇನಿ ಅಂತೈತಿ, ಮುಟ್ಟೇತಿ ಅಂತ ಎಲ್ಲೆ ಅಂದೈತ್ರಿ?" ಎಂದರು.

ಆ ಮಾತು ರಾತ್ರಿಯಿಡೀ ಕಿವಿಯಲ್ಲಿ ಉಳಿಯಿತು. ಮರುದಿನ ದುರಸ್ತಿಯವರನ್ನು ಕರೆಸಿ ತಂತಿಯನ್ನು ಅಡಿಯಿಂದ ಅಡಿಗೆ ನೋಡಿಸಿದೆವು. ಶೆಡ್ಡಿನ ಕಂಪ್ಯೂಟರಿನಿಂದ ಶೆಡ್ಡಿನ ಸ್ವಿಚ್ಚಿಗೆ ಮೂರು ಮಾರು ತಂತಿ, ಅದು ಗಟ್ಟಿಯಾಗಿತ್ತು. ಸ್ವಿಚ್ಚಿನಿಂದ ಕಚೇರಿಗೆ ಹೋಗುವ ಉದ್ದನೆಯ ತಂತಿಯ ಮೂತಿ ಸಡಿಲಾಗಿತ್ತು. ರಾತ್ರಿ ಮಗ್ಗಗಳೆಲ್ಲ ಒಟ್ಟಿಗೆ ಅದುರುವಾಗ ಬಿಟ್ಟುಕೊಳ್ಳುತ್ತಿತ್ತು, ಹಗಲು ಯಾರಾದರೂ ಒತ್ತಿದರೆ ಕೂಡುತ್ತಿತ್ತು. ಚಿಪ್ಪು ಸುಳ್ಳು ಹೇಳಿರಲಿಲ್ಲ. ಟಿಓಕೆ ಎಂದರೆ ಫ್ರೇಮ್ ನನ್ನ ಬಾಯಿಂದ ಮುರಿಯದೆ ತಂತಿಗೆ ಹೋಯಿತು ಎಂದಷ್ಟೇ. ಸ್ವಿಚ್ಚು ಅದನ್ನು ತೆಗೆದುಕೊಂಡಿತೆ, ಮುಂದಕ್ಕೆ ಹಾಕಿತೆ, ಕಚೇರಿಯ ಯಂತ್ರ ಎಚ್ಚರವಿತ್ತೆ, ಇವು ಯಾವುವೂ ಆ ಬಿಟ್ಟಿನಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ಚಿಪ್ಪಿಗೆ ಮೂರು ಮಾರಿನಾಚೆಗಿನದು ಕಾಣದು. ಅದು ಹೇಳದೆ ಇದ್ದುದನ್ನು ಅದರ ಬಾಯಿಗೆ ಇಟ್ಟವರು ನಾವು.

ಮೂರು ಮಾತುಗಳನ್ನು ನಾವು ಒಂದೇ ಎಂದು ಬಗೆದಿದ್ದೆವು. ಓನ್ ಬಿಟ್ಟು ಹೇಳುವುದು: ಚಿಪ್ಪು ಓದಿಕೊಂಡಿತು. ಟಿಓಕೆ ಹೇಳುವುದು: ತಂತಿಗೆ ಬಿತ್ತು. ಮುಟ್ಟಿತು ಎಂಬುದನ್ನು ಮುಟ್ಟಿದವರೇ ಹೇಳಬೇಕು. ಅಂಚೆಯಲ್ಲಿ ರಿಜಿಸ್ಟರ್ ಪತ್ರಕ್ಕೆ ಸಿಕ್ಕುತ್ತಿದ್ದ ರಸೀದಿಗೂ, ಆಚೆಯವರ ಸಹಿಯಾಗಿ ಹಿಂದಿರುಗುತ್ತಿದ್ದ ಪಾವತಿ ಕಾರ್ಡಿಗೂ ಇದ್ದ ಅಂತರ ಇದು. ಊರಿಗೆ ದುಡ್ಡು ಕಳಿಸಿ, ತಾಯಿಯ ಹೆಬ್ಬೆಟ್ಟಿನ ಗುರುತು ಬರುವವರೆಗೆ ಕಾಯುತ್ತಿದ್ದ ಹಿರಿಯರು ನಮ್ಮ ನಡುವೆ ಈಗಲೂ ಇದ್ದಾರೆ. ಅವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಇದಕ್ಕೆಂದೇ ಟಿಸಿಪಿ ಎಂಬ ಏರ್ಪಾಡು ಇದೆ. ಅದು ಚಿಪ್ಪಿಗಿಂತ ಮೇಲಿನ ಅಂತಸ್ತಿನದು. ಅದರಲ್ಲಿ ಬೈಟುಗಳಿಗೆ ಕ್ರಮಸಂಖ್ಯೆ ಇರುತ್ತದೆ, ಆಚೆಯವರು ಎಲ್ಲಿಯವರೆಗೆ ಮುಟ್ಟಿದೆ ಎಂದು ಹಿಂದಕ್ಕೆ ಹೇಳುತ್ತಾರೆ, ಹೇಳದಿದ್ದರೆ ಇವರು ಮತ್ತೆ ಕಳಿಸುತ್ತಾರೆ. ಶೆಡ್ಡಿನ ಪ್ರೋಗ್ರಾಮು ಅದನ್ನು ಬಳಸಿರಲಿಲ್ಲ. ಬದಲಾಯಿಸಿ ಬರೆಸಿದ ಮೇಲೆ ಪ್ರತಿ ಪಾಳಿಯ ಎಣಿಕೆಗೂ ಒಂದು ಕ್ರಮಸಂಖ್ಯೆ ಬಂತು. ಕಚೇರಿಯ ಯಂತ್ರ ಆ ಸಂಖ್ಯೆಯನ್ನು ಪತ್ರಕದಲ್ಲಿ ಬರೆದುಕೊಂಡ ಮೇಲೆಯೇ ಹಿಂದಕ್ಕೆ ಒಪ್ಪಿಗೆ ಕಳಿಸುತ್ತದೆ. ನಡುವೆ ಒಂದು ಸಂಖ್ಯೆ ತಪ್ಪಿದರೆ ನಮ್ಮ ಮೇಜಿನ ಪರದೆಯ ಮೇಲೆ ಕೆಂಪಗೆ ಕಾಣುತ್ತದೆ. ಬರೆದುಕೊಂಡ ಮೇಲೆಯೇ ಎಂದು ನಾವು ಒತ್ತಿ ಹೇಳಿ ಮಾಡಿಸಿದ್ದು. ಏಕೆಂದರೆ ಟಿಸಿಪಿಯ ಒಪ್ಪಿಗೆಯೂ ಯಂತ್ರಕ್ಕೆ ಮುಟ್ಟಿತೆಂದಷ್ಟೇ ಹೇಳುತ್ತದೆ, ಪತ್ರಕದಲ್ಲಿ ಏರಿತೆಂದು ಅದಕ್ಕೂ ಗೊತ್ತಿಲ್ಲ.

ಪುಣ್ಯಕ್ಕೆ ಆ ಎರಡು ರಾತ್ರಿಯ ಎಣಿಕೆ ಶೆಡ್ಡಿನ ಕಂಪ್ಯೂಟರಿನ ಡಿಸ್ಕಿನಲ್ಲಿ ಉಳಿದಿತ್ತು. ಮುಂದಿನ ಪಗಾರದಲ್ಲಿ ಒಂಬತ್ತು ಜನರಿಗೂ ಬಾಕಿ ಸಂದಿತು. ಕಾಕಾ ಅವರ ಬಳಿ ಹೋಗಿ ತಪ್ಪಾಯಿತೆಂದು ಒಪ್ಪಿಕೊಂಡೆವು. "ಇರ್ಲಿ ಬಿಡ್ರಿ, ಚಾ ತರಸ್ರಿ" ಎಂದರು.

ಕಂಪ್ಯೂಟರ್ ಮುದಿಯಾಗಿ ರದ್ದಿಗೆ ಹೋಗುವಾಗ ಹಲಗೆಯನ್ನು ಕೇಳಿ ತಂದೆವು. ಲಿನಕ್ಸ್ ಇರುವ ಯಂತ್ರ ಯಾರ ಬಳಿಯಾದರೂ ಇದ್ದರೆ ಐಪಿ ಎಂಬ ಆಜ್ಞೆಯಿಂದ ಕಳಿಸಿದ ಫ್ರೇಮುಗಳು, ತಪ್ಪುಗಳು, ಡಿಕ್ಕಿಗಳ ಎಣಿಕೆಯನ್ನು ನೋಡಬಹುದು. ಡ್ರೈವರ್ ಬರೆದುಕೊಳ್ಳುವ ಲೆಕ್ಕ ಅದೇ. ಭಾನುವಾರ ಸಂಜೆ ವಾಚನಾಲಯದಲ್ಲಿ ಇದನ್ನು ಮಾಡಿ ತೋರಿಸುತ್ತೇವೆ. ಏಡಿಯ ಚಿತ್ರ ಬಹಳ ಸವೆದಿರುವುದರಿಂದ ಬರುವವರು ಭೂತಗನ್ನಡಿ ಇದ್ದರೆ ತರಬೇಕು. ಹಲಗೆಯ ಚಿನ್ನದ ಬಣ್ಣದ ಹಲ್ಲುಗಳನ್ನು ಬೆರಳಿನಿಂದ ಮುಟ್ಟಬಾರದೆಂದು ವಿನಂತಿ.